ಓದು ಒಕ್ಕಾಲು, ಹಾಡು ಮುಕ್ಕಾಲು: ಎಂಬತ್ತರ ದಶಕದ ಬ್ರಿಟಿಷ್ ಗಿಟಾರ್ ಪಾಪ್ ಏಕೆ ಬಾಳಿತು



ಕನ್ನಡದಲ್ಲಿ ಹಾಡಿನ ಮಾತಿಗೆ ಸಾಹಿತ್ಯವೆಂದೇ ಹೆಸರು. ಕಛೇರಿಯಲ್ಲಿ ಕೃತಿಯ ಸಾಹಿತ್ಯ ಸ್ಪಷ್ಟವಾಗಿ ಕೇಳಿಸಲಿಲ್ಲ ಎಂದು ರಸಿಕರು ಗೊಣಗುತ್ತಾರೆ. ಸಿನಿಮಾ ತೆರೆಯ ಮೇಲೆ ಸಂಗೀತ ಇಂಥವರದು, ಸಾಹಿತ್ಯ ಇಂಥವರದು ಎಂದು ಹೆಸರು ಬೀಳುತ್ತದೆ. ಕಾವ್ಯ, ಕಾದಂಬರಿ, ನಾಟಕಗಳಿಗೂ ಅದೇ ಪದ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅಲ್ಲಿ ಪಾಪ್ ಹಾಡಿನ ಮಾತು ಲಿರಿಕ್ಸ್, ಗ್ರಂಥಾಲಯದ ಕಪಾಟಿನಲ್ಲಿರುವುದು ಲಿಟರೇಚರ್. ಎರಡಕ್ಕೂ ಬೇರೆ ಮನೆ, ಬೇರೆ ಒಕ್ಕಲು. 1980ರಿಂದ ಸುಮಾರು 1988ರವರೆಗೆ ಬ್ರಿಟನ್ನಿನ ಕೆಲವು ಊರುಗಳಲ್ಲಿ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಈ ಎರಡು ಮನೆಗಳ ನಡುವೆ ಓಡಾಡತೊಡಗಿದರು. ಕೈಯಲ್ಲಿ ಗಿಟಾರ್, ಬಗಲಲ್ಲಿ ಅಗ್ಗದ ಪೇಪರ್‌ಬ್ಯಾಕ್. ಅವರ ಹಾಡುಗಳು ಇಂದಿಗೂ ಕೇಳುಗರನ್ನು ಕಳೆದುಕೊಂಡಿಲ್ಲ. ದಿ ಸ್ಮಿತ್ಸ್ ತಂಡದ ‘ದಿ ಕ್ವೀನ್ ಈಸ್ ಡೆಡ್’ ಬಂದದ್ದು 1986ರಲ್ಲಿ. ಬ್ರಿಟಿಷ್ ಸಂಗೀತ ಪತ್ರಿಕೆ ಎನ್‌ಎಂಇ ಅದನ್ನು ಸಾರ್ವಕಾಲಿಕ ಶ್ರೇಷ್ಠ ಆಲ್ಬಂ ಎಂದು ಆರಿಸಿದ್ದು 2013ರಲ್ಲಿ. ಈ ಬಾಳಿಕೆಗೆ ಕಾರಣವೇನು ಎಂಬುದೇ ಇಂದಿನ ದತ್ತಿ ಉಪನ್ಯಾಸದ ಪ್ರಶ್ನೆ. ಓದಿಕೊಂಡವರು ಬರೆದ ಜಾಣ ಹಾಡುಗಳು, ಅದಕ್ಕೇ ಉಳಿದವು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ನನಗೆ ಆ ಉತ್ತರ ಸಾಲದು. ಬರೀ ಜಾಣತನಕ್ಕೆ ಅಷ್ಟು ಆಯುಷ್ಯವಿರುವುದಿಲ್ಲ. ಓದು ಬದುಕಿಗೆ ಎಲ್ಲಿ ಸಾಲದೆ ಹೋಗುತ್ತದೆ ಎಂಬ ಜಾಗವನ್ನು ಈ ಹಾಡುಗಳು ಕಂಡುಕೊಂಡವು. ಆ ಕೊರತೆಯನ್ನು ಕಿವಿಗೆ ಕೇಳಿಸುವಂತೆ ಮಾಡಲು ಬೇಕಾದ ವಾದ್ಯವನ್ನೂ ಕಂಡುಕೊಂಡವು. ಬಾಳಿಕೆಯ ಗುಟ್ಟು ಇಲ್ಲಿದೆ ಎಂಬುದು ನನ್ನ ವಾದ.

ಮೊದಲು ಊರು ಮತ್ತು ಹೆಸರುಗಳನ್ನು ಹೇಳಿಬಿಡುತ್ತೇನೆ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಆಲನ್ ಹಾರ್ನ್ ನಡೆಸಿದ ಪುಟ್ಟ ಕಂಪನಿ ಪೋಸ್ಟ್‌ಕಾರ್ಡ್ ರೆಕಾರ್ಡ್ಸ್, ಎಡ್ವಿನ್ ಕಾಲಿನ್ಸ್ ಅವರ ಆರೆಂಜ್ ಜ್ಯೂಸ್ ತಂಡದ ಮೊದಲ ಹಾಡನ್ನು 1980ರಲ್ಲಿ ಹೊರತಂದಿತು. ಅದೇ ಕಂಪನಿಯ ಮೂಲಕ ಕೇಳುಗರ ಮುಂದೆ ಬಂದ, ಈಸ್ಟ್ ಕಿಲ್‌ಬ್ರೈಡ್ ಊರಿನ ರಾಡಿ ಫ್ರೇಮ್, 1983ರಲ್ಲಿ ತಮ್ಮ ಆಜ್ಟೆಕ್ ಕ್ಯಾಮೆರಾ ತಂಡದ ‘ಹೈ ಲ್ಯಾಂಡ್, ಹಾರ್ಡ್ ರೇನ್’ ಆಲ್ಬಂ ತಂದಾಗ ಅವರಿಗೆ ಹತ್ತೊಂಬತ್ತು. ಡರ್ಬಿಶೈರಿನ ಬಕ್ಸ್‌ಟನ್ನಿನಲ್ಲಿ ಹುಟ್ಟಿದ ಲಾಯ್ಡ್ ಕೋಲ್ ಗ್ಲಾಸ್ಗೋ ವಿಶ್ವವಿದ್ಯಾನಿಲಯಕ್ಕೆ ಓದಲು ಹೋಗಿ ಅಲ್ಲಿ ಕಮೋಷನ್ಸ್ ತಂಡ ಕಟ್ಟಿದರು. ‘ರ್‍ಯಾಟಲ್‌ಸ್ನೇಕ್ಸ್’ ಆಲ್ಬಂ 1984ರದು. ಮ್ಯಾಂಚೆಸ್ಟರಿನಲ್ಲಿ ಮೊರಿಸ್ಸಿ ಮತ್ತು ಜಾನಿ ಮಾರ್ 1982ರಲ್ಲಿ ದಿ ಸ್ಮಿತ್ಸ್ ಆರಂಭಿಸಿದರು, ಐದೇ ವರ್ಷಕ್ಕೆ ಒಡೆದರು. ಡರ್ಹಮ್ ಸೀಮೆಯ ವಿಟನ್ ಗಿಲ್ಬರ್ಟ್ ಎಂಬ ಹಳ್ಳಿಯಲ್ಲಿ, ಮನೆಯವರ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಲೇ ಪ್ಯಾಡಿ ಮ್ಯಾಕಲೂನ್ ಪ್ರಿಫ್ಯಾಬ್ ಸ್ಪ್ರೌಟ್ ತಂಡದ ಹಾಡುಗಳನ್ನು ರಾಶಿ ಹಾಕಿದರು. ಹಲ್ ವಿಶ್ವವಿದ್ಯಾನಿಲಯದಲ್ಲಿ ಭೇಟಿಯಾದ ಟ್ರೇಸಿ ಥಾರ್ನ್ ಮತ್ತು ಬೆನ್ ವಾಟ್, ಎವೆರಿಥಿಂಗ್ ಬಟ್ ದಿ ಗರ್ಲ್ ಆದರು. ಆಗ ಆ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದವರು ಕವಿ ಫಿಲಿಪ್ ಲಾರ್ಕಿನ್. ಬರ್ಮಿಂಗ್‌ಹ್ಯಾಮಿನ ಫೆಲ್ಟ್ ಹತ್ತು ವರ್ಷದಲ್ಲಿ ಹತ್ತು ಆಲ್ಬಂ, ಹತ್ತು ಸಿಂಗಲ್ ಮಾಡಿ ಲೆಕ್ಕ ಚುಕ್ತಾ ಮಾಡಿದಂತೆ ನಿಲ್ಲಿಸಿತು. ಈ ಯಾದಿಯಲ್ಲಿ ಲಂಡನ್ ಇಲ್ಲ. ರಾಜಧಾನಿಯಿಂದ ದೂರದಲ್ಲಿ ಕೂತು ಪುಸ್ತಕದ ಮೂಲಕ ಜಗತ್ತನ್ನು ನೋಡಿದವರೇ ಬಹುತೇಕರು. ಕಂಡ ಜಗತ್ತಿಗಿಂತ ಓದಿದ ಜಗತ್ತು ದೊಡ್ಡದಾಗಿದ್ದವರು.

ಇವರಿಗೆ ಆ ಓದು ಎಲ್ಲಿಂದ ಬಂತು? ಅದಕ್ಕೆ ಸಾರ್ವಜನಿಕ ಹಣದ ಒಂದು ಚರಿತ್ರೆಯಿದೆ. 1944ರ ಶಿಕ್ಷಣ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಎಲ್ಲ ಮಕ್ಕಳಿಗೂ ಉಚಿತ ಪ್ರೌಢಶಿಕ್ಷಣ ಕೊಟ್ಟಿತು. ಜೊತೆಗೆ ಹನ್ನೊಂದನೆಯ ವಯಸ್ಸಿನ ಒಂದು ಪರೀಕ್ಷೆ ಕೆಲವರನ್ನು ಗ್ರಾಮರ್ ಶಾಲೆಗೂ ಉಳಿದವರನ್ನು ಸೆಕೆಂಡರಿ ಮಾಡರ್ನ್ ಎಂಬ ಎರಡನೆಯ ದರ್ಜೆಯ ಶಾಲೆಗೂ ಅಟ್ಟಿತು. 1962ರ ಕಾಯಿದೆ ಪದವಿ ತರಗತಿ ಸೇರಿದವರಿಗೆ ಶುಲ್ಕ ಮತ್ತು ಜೀವನವೆಚ್ಚ ಭರಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳ ಮೇಲೆ ಹಾಕಿತು. 1964ರ ಕಾಯಿದೆಯಿಂದ ಗ್ರಂಥಾಲಯ ನಡೆಸುವುದು ಅವುಗಳ ಶಾಸನಬದ್ಧ ಕರ್ತವ್ಯವಾಯಿತು. 1935ರಲ್ಲಿ ಆರು ಪೆನ್ನಿಗೆ ಒಂದರಂತೆ ಶುರುವಾದ ಪೆಂಗ್ವಿನ್ ಪುಸ್ತಕಗಳು ಅಷ್ಟರಲ್ಲಿ ಹಳೆಯ ಪುಸ್ತಕದಂಗಡಿಗಳ ತುಂಬ ಇದ್ದವು. ಇಂಥ ಓದಿನಿಂದ ಬರುವ ಹೊಸ ಮನುಷ್ಯನನ್ನು ವಿಮರ್ಶಕ ರಿಚರ್ಡ್ ಹಾಗರ್ಟ್ 1957ರ ‘ದಿ ಯೂಸಸ್ ಆಫ್ ಲಿಟರಸಿ’ಯಲ್ಲೇ ಗುರುತಿಸಿದ್ದರು. ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿ ವಿದ್ಯಾರ್ಥಿವೇತನದಲ್ಲಿ ಓದಿದ ಹುಡುಗ ಅವನು. ಹಳೆಯ ಮನೆ ಅವನಿಗೆ ಪೂರ್ತಿ ತನ್ನದಲ್ಲ, ಹೊಸ ಮನೆ ಇನ್ನೂ ತನ್ನದಾಗಿಲ್ಲ. ಇನ್ನು 1982ರ ಆರಂಭಕ್ಕೆ ಬನ್ನಿ. ದೇಶದಲ್ಲಿ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷ ದಾಟಿದೆ. ಉತ್ತರದ ಕಾರ್ಖಾನೆಗಳು ಬಾಗಿಲು ಹಾಕುತ್ತಿವೆ. ಓದಿದರೆ ಮೇಲೆ ಹೋಗಬಹುದು ಎಂಬ ಏಣಿಯನ್ನು ಇಪ್ಪತ್ತು ವರ್ಷ ತೋರಿಸಿ, ಹತ್ತುವ ಹೊತ್ತಿಗೆ ಮೇಲಿನ ಅಟ್ಟವನ್ನೇ ತೆಗೆದಂತಾಯಿತು. ಓದು ಇತ್ತು, ಪುರುಸೊತ್ತು ಬೇಕಾದಷ್ಟಿತ್ತು, ಆ ಓದಿಗೊಂದು ಉಪಯೋಗವಿರಲಿಲ್ಲ. ನಾವು ಪುಸ್ತಕದ ಬದನೆಕಾಯಿ ಎನ್ನುತ್ತೇವಲ್ಲ, ಆ ಬದನೆಕಾಯಿಯನ್ನು ಕೈಯಲ್ಲಿ ಹಿಡಿದು ಸಾರು ಮಾಡಲಾಗದೆ ನಿಂತ ಒಂದು ತಲೆಮಾರು ಅದು.

ಹಾಡುಗಳೊಳಗೆ ಹೋಗಿ ನೋಡಿದರೆ ಈ ನಿಲುಗಡೆಯೇ ಎದುರಾಗುತ್ತದೆ. ಲಾಯ್ಡ್ ಕೋಲ್ ಅವರ ‘ರ್‍ಯಾಟಲ್‌ಸ್ನೇಕ್ಸ್’ ಹಾಡನ್ನು ತೆಗೆದುಕೊಳ್ಳಿ. ಅದರ ಹೆಸರಿಗೂ ಭಾವಕ್ಕೂ ಹಿನ್ನೆಲೆ ಅಮೆರಿಕದ ಲೇಖಕಿ ಜೋನ್ ಡಿಡಿಯನ್ 1970ರಲ್ಲಿ ಬರೆದ ‘ಪ್ಲೇ ಇಟ್ ಆ್ಯಸ್ ಇಟ್ ಲೇಸ್’ ಕಾದಂಬರಿ. ಹಾಡಿನ ನಾಯಕಿ ಸಿಮೋನ್ ದ ಬೊವಾರನ್ನು ಓದುವವಳು. ನೋಡಲು 1954ರ ‘ಆನ್ ದಿ ವಾಟರ್‌ಫ್ರಂಟ್’ ಚಿತ್ರದ ಎವಾ ಮೇರಿ ಸೇಂಟ್‌ಳಂತೆ. ಒಂದೇ ಹಾಡಿನಲ್ಲಿ ಇಷ್ಟು ಹೆಸರು ಬಂದರೆ ಪಾಂಡಿತ್ಯ ಪ್ರದರ್ಶನ ಎಂದು ಮೂಗು ಮುರಿಯುವುದು ಸುಲಭ. ಆದರೆ ಹಾಡು ಆ ಹೆಸರುಗಳಿಂದ ಏನು ಮಾಡಿಸುತ್ತದೆ ಎಂಬುದನ್ನು ಗಮನಿಸಬೇಕು. ಬೊವಾರನ್ನು ಓದಿದ್ದರಿಂದ ಆ ಹೆಣ್ಣಿನ ಭಯ ಕಡಿಮೆಯಾಗಿಲ್ಲ. ಹುಟ್ಟದೆ ಹೋದ ಮಗುವಿನ ನೆನಪು ಅವಳನ್ನು ಬಿಟ್ಟಿಲ್ಲ. ಹೆಣ್ಣಿನ ಬಿಡುಗಡೆಯ ಬಗ್ಗೆ ಆ ಶತಮಾನದ ದೊಡ್ಡ ಲೇಖಕಿಯೊಬ್ಬರ ಪುಸ್ತಕ ಅವಳ ಕೈಯಲ್ಲಿದೆ, ಬಿಡುಗಡೆ ಅವಳಿಗೆ ಸಿಕ್ಕಿಲ್ಲ. ಪುಸ್ತಕದ ಹೆಸರು ಇಲ್ಲಿ ಒಡವೆಯಾಗಿ ಬಂದಿಲ್ಲ, ಅವಳಿಗೂ ಪುಸ್ತಕಕ್ಕೂ ನಡುವಿನ ದೂರವನ್ನು ಅಳೆಯುವ ಕೋಲಾಗಿ ಬಂದಿದೆ. ಹಾಡುವವನೂ ಅವಳನ್ನು ಪೂರ್ತಿ ಅರಿತವನಲ್ಲ. ಅವಳನ್ನು ಸಿನಿಮಾ ತಾರೆಯ ಮೂಲಕ ಅಲ್ಲದೆ ನೇರ ನೋಡಲು ಅವನಿಗೂ ಬರುವುದಿಲ್ಲ. ಓದು ಇಬ್ಬರನ್ನೂ ಹತ್ತಿರ ತಂದಂತೆ ಮಾಡಿ ನಡುವೆ ತಾನೇ ಕೂತಿದೆ.

ಎರಡನೆಯ ಸಾಕ್ಷಿ, ‘ದಿ ಕ್ವೀನ್ ಈಸ್ ಡೆಡ್’ನಲ್ಲಿರುವ ‘ಸೆಮೆಟ್ರಿ ಗೇಟ್ಸ್’. ಬಿಸಿಲಿನ ದಿನ ಸ್ಮಶಾನದಲ್ಲಿ ಅಡ್ಡಾಡುವ ಇಬ್ಬರು ಕೀಟ್ಸ್, ಯೇಟ್ಸ್, ವೈಲ್ಡ್ ಎಂದು ಕವಿಗಳನ್ನು ನಿನ್ನ ಕಡೆ, ನನ್ನ ಕಡೆ ಎಂದು ಹಂಚಿಕೊಳ್ಳುತ್ತಾರೆ. ಬೇರೆಯವರ ಸಾಲು ಕದಿಯಬಾರದು, ಕದ್ದರೆ ಓದಿಕೊಂಡ ಯಾರೋ ಒಬ್ಬರು ಹಿಡಿದೇ ಹಿಡಿಯುತ್ತಾರೆ ಎಂದು ಒಬ್ಬ ಇನ್ನೊಬ್ಬನಿಗೆ ಉಪದೇಶ ಮಾಡುತ್ತಾನೆ. ಉಪದೇಶ ಮಾಡುವ ಹಾಡೇ ಷೇಕ್ಸ್‌ಪಿಯರನ ‘ಮೂರನೆಯ ರಿಚರ್ಡ್’ ನಾಟಕದ ಸಾಲೊಂದನ್ನು ಸ್ವಲ್ಪ ತಿರುಚಿ ಇಟ್ಟುಕೊಂಡಿದೆ. 1942ರ ಹಾಲಿವುಡ್ ಚಿತ್ರ ‘ದಿ ಮ್ಯಾನ್ ಹೂ ಕೇಮ್ ಟು ಡಿನ್ನರ್’ನ ಸಂಭಾಷಣೆಯನ್ನೂ ಎತ್ತಿಕೊಂಡಿದೆ. ಸಾಲದ್ದಕ್ಕೆ ಹಾಡಿನ ಶೀರ್ಷಿಕೆಯಲ್ಲೇ ಸ್ಮಶಾನ ಎಂಬ ಇಂಗ್ಲಿಷ್ ಪದದ ಕಾಗುಣಿತ ತಪ್ಪಾಗಿದೆ. ಮೊರಿಸ್ಸಿ ಗ್ರಾಮರ್ ಶಾಲೆಗೆ ಹೋದವರಲ್ಲ. ಐರ್ಲೆಂಡಿನಿಂದ ಬಂದ ಕುಟುಂಬದ ಅವರು ಓದಿದ್ದು ಸೆಕೆಂಡರಿ ಮಾಡರ್ನ್ ಶಾಲೆಯಲ್ಲಿ; ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ತಾಯಿಯಿಂದ ಮನೆಗೆ ಪುಸ್ತಕ ಬಂತು. ಸ್ವಂತವಾಗಿ ಓದಿಕೊಂಡವನ ಹೆಮ್ಮೆ ಮತ್ತು ಸಿಕ್ಕಿಬೀಳುವ ಅಂಜಿಕೆ ಒಂದೇ ಬಾಯಲ್ಲಿ ಬರುವುದು ಹೇಗೆ ಎಂಬುದನ್ನು ಈ ಹಾಡಿನಷ್ಟು ನಗುನಗುತ್ತ ತೋರಿಸಿದ ಕೃತಿಗಳು ಕಡಿಮೆ. ಓದಿ ಓದಿ ಮರುಳಾದ ಕೂಚುಭಟ್ಟನನ್ನು ಕಂಡು ನಮ್ಮ ಗಾದೆ ಹೊರಗಿನಿಂದ ನಕ್ಕಿತು. ಇಲ್ಲಿ ಕೂಚುಭಟ್ಟನೇ ಎದ್ದು ನಿಂತು ಹಾಡುತ್ತಿದ್ದಾನೆ, ತನ್ನ ಮರುಳು ತನಗೆ ಗೊತ್ತಿದೆ ಎಂಬ ಧಾಟಿಯಲ್ಲಿ.

ಈ ಸಾಲದ ವಿಷಯವನ್ನು ಇನ್ನೊಂದಿಷ್ಟು ಬೆಳೆಸಬೇಕು, ಏಕೆಂದರೆ ಅದರಲ್ಲೊಂದು ವಂಶಾವಳಿ ಇದೆ. ಮೊರಿಸ್ಸಿ ಅತಿ ಹೆಚ್ಚು ಎರವಲು ತಂದದ್ದು ಕೀಟ್ಸ್‌ನಿಂದಲೋ ವೈಲ್ಡ್‌ನಿಂದಲೋ ಅಲ್ಲ, ತಮ್ಮ ನೆರೆಯ ಸಾಲ್ಫರ್ಡ್ ಊರಿನ ಶೀಲಾ ಡೆಲನಿಯಿಂದ. ಡೆಲನಿ ಹತ್ತೊಂಬತ್ತನೆಯ ವಯಸ್ಸಿನಲ್ಲಿದ್ದಾಗ, 1958ರಲ್ಲಿ, ಅವರ ‘ಎ ಟೇಸ್ಟ್ ಆಫ್ ಹನಿ’ ನಾಟಕ ಜೋನ್ ಲಿಟಲ್‌ವುಡ್ ಅವರ ರಂಗಶಾಲೆಯಲ್ಲಿ ರಂಗಕ್ಕೆ ಬಂತು. 1961ರಲ್ಲಿ ಸಿನಿಮಾ ಆಯಿತು. ದಿ ಸ್ಮಿತ್ಸ್‌ನ ಆರಂಭದ ಹಾಡುಗಳಲ್ಲಿ ಈ ನಾಟಕದ ಮಾತುಗಳು ಅಲ್ಲಲ್ಲಿ ಇಣುಕುತ್ತವೆ. ಒಂದು ಹಾಡಂತೂ ನಾಟಕದ ಕಥೆಯನ್ನೇ ಮರಳಿ ಹೇಳುತ್ತದೆ. 1987ರ ‘ಲೌಡರ್ ದ್ಯಾನ್ ಬಾಂಬ್ಸ್’ ಸಂಕಲನದ ಹೊದಿಕೆಯ ಮೇಲೆ ಡೆಲನಿಯ ಭಾವಚಿತ್ರವೇ ಇದೆ. ಆ ಶೀರ್ಷಿಕೆ ಎಲಿಜಬೆತ್ ಸ್ಮಾರ್ಟ್ 1945ರಲ್ಲಿ ಪ್ರಕಟಿಸಿದ ಗದ್ಯಕಾವ್ಯದಿಂದ ಬಂದದ್ದು. ಕದ್ದ ಮಾಲನ್ನು ಬಚ್ಚಿಡುವ ಕಳ್ಳ ಯಾರಾದರೂ ಮಾಲಿನ ಒಡತಿಯ ಚಿತ್ರವನ್ನು ಮುಂಬಾಗಿಲಿಗೆ ಅಂಟಿಸುತ್ತಾನೆಯೇ? ಸಾಲ ಮಾಡಿದವರು ಸಾಲದ ಪತ್ರವನ್ನೇ ಹೊರಗೆ ತೂಗುಹಾಕಿದ ಪರಿ ಇದು. ರೆಕಾರ್ಡಿನ ಹೊದಿಕೆ ಒಂದು ಪಠ್ಯಪಟ್ಟಿಯಾಯಿತು. ಹಾಡು ಕೇಳಿದ ಹದಿಹರೆಯದವರು ಹೊದಿಕೆಯಲ್ಲಿರುವ ಮುಖ ಯಾರದೆಂದು ಹುಡುಕುತ್ತ ಹೋದರೆ ನಾಟಕಕ್ಕೋ ಸಿನಿಮಾಕ್ಕೋ ತಲುಪುತ್ತಿದ್ದರು. ಹಾಡು ತನ್ನಲ್ಲೇ ಮುಗಿಯದೆ ಇನ್ನೊಂದು ಕಡೆಗೆ ಕೈ ತೋರುತ್ತದೆ. ಹೀಗೆ ಕೈ ತೋರುವ ಕೃತಿಗೆ ಪ್ರತಿ ತಲೆಮಾರಿನಲ್ಲೂ ಹೊಸ ಹುಡುಕುವವರು ಸಿಗುತ್ತಾರೆ.

ಆದರೆ ಪುಸ್ತಕದ ಬಗ್ಗೆಯೇ ಮಾತಾಡುತ್ತ ಹೋದರೆ ಗಿಟಾರ್ ಏಕೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಎಂಬತ್ತರ ದಶಕದ ಬ್ರಿಟಿಷ್ ಜನಪ್ರಿಯ ಸಂಗೀತದಲ್ಲಿ ಸಿಂಥಸೈಜರ್ ಮತ್ತು ಡ್ರಮ್ ಯಂತ್ರಗಳದೇ ದರ್ಬಾರು. ಯಮಾಹಾ ಕಂಪನಿಯ ಡಿಎಕ್ಸ್7 ಬಂದದ್ದು 1983ರಲ್ಲಿ. ಅದಕ್ಕೆ ಮುಂಚಿನ ದಶಕದ ರಾಕ್‌ನಲ್ಲಿ ಗಿಟಾರ್ ಎಂದರೆ ಗದ್ದಲ, ಗಂಡಸುತನದ ಮೆರೆದಾಟ, ನಿಮಿಷಗಟ್ಟಲೆ ಏಕವಾದನ. ಈ ಹುಡುಗರು ಯಂತ್ರದ ದಾರಿಯನ್ನೂ ಮೆರೆದಾಟದ ದಾರಿಯನ್ನೂ ಬಿಟ್ಟರು. ಗಿಟಾರಿನ ನಾದವನ್ನು ಒಡೆದು ಕರ್ಕಶ ಮಾಡದೆ ತಿಳಿಯಾಗಿ ಇಟ್ಟುಕೊಂಡರು. ಕಾರ್ಡ್ ಎಂಬ ಸ್ವರಗುಚ್ಛವನ್ನು ಒಟ್ಟಿಗೆ ಬಾರಿಸುವ ಬದಲು ಅದರ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಹರಿಯಬಿಟ್ಟರು. ಅರವತ್ತರ ದಶಕದ ಅಮೆರಿಕನ್ ತಂಡ ದಿ ಬರ್ಡ್ಸ್ ಬಳಸುತ್ತಿದ್ದ ರಿಕನ್‌ಬ್ಯಾಕರ್ ಗಿಟಾರಿನ ಗಿಲಿಗಿಲಿ ನಾದಕ್ಕೆ ಜಾನಿ ಮಾರ್ ಹೊಸ ಜೀವ ಕೊಟ್ಟರು. ರಾಡಿ ಫ್ರೇಮ್ ಜಾಝ್ ಗಿಟಾರಿನ ಕಾರ್ಡುಗಳನ್ನು ತಂದರು. ಎಡ್ವಿನ್ ಕಾಲಿನ್ಸ್ ನ್ಯೂಯಾರ್ಕಿನ ಶೀಕ್ ತಂಡದ ಡಿಸ್ಕೋ ಗಿಟಾರಿಗೆ ಕಿವಿಗೊಟ್ಟರು. ಇದರಿಂದ ಎರಡು ಲಾಭವಾಯಿತು. ಬಿಡಿಸಿ ನುಡಿಸಿದ ತಿಳಿನಾದದ ಸಂದುಗಳಲ್ಲಿ ಕಂಠಕ್ಕೆ ಜಾಗ ಸಿಕ್ಕಿತು, ಮಾತು ಕೇಳಿಸಿತು. ಮಾತು ಕೇಳಿಸದಿದ್ದರೆ ಓದಿನ ಹಾಡಿಗೆ ಅರ್ಥವೇ ಇಲ್ಲ. ಎರಡನೆಯ ಲಾಭ ಇನ್ನೂ ದೊಡ್ಡದು. ಈ ಗಿಟಾರು ಮಾತಿನ ಜೊತೆ ಒಪ್ಪುವುದಿಲ್ಲ. ಮಾತು ನಿರಾಸೆಯದು, ನಾದ ಬೆಳಗಿನ ಬಿಸಿಲಿನದು. 1984ರಲ್ಲಿ ಬ್ರಿಟಿಷ್ ಪಟ್ಟಿಯ ಹತ್ತನೆಯ ಸ್ಥಾನಕ್ಕೇರಿದ ‘ಹೆವನ್ ನೋಸ್ ಐ ಆ್ಯಮ್ ಮಿಸರಬಲ್ ನೌ’ ಕೆಲಸ ಸಿಕ್ಕಿದ ಮೇಲೂ ಸುಖ ಸಿಗದವನ ಗೋಳು; ಅದರ ಗಿಟಾರು ಮಾತ್ರ ಗೋಳನ್ನು ನಂಬುವುದೇ ಇಲ್ಲ. ನಮ್ಮ ಭಾವಗೀತೆಯ ಪದ್ಧತಿಯಲ್ಲಿ ಮೊದಲು ಕವನ, ಅದೂ ಅಚ್ಚಿನಲ್ಲಿ. 1942ರ ‘ಮೈಸೂರು ಮಲ್ಲಿಗೆ’ಗೆ ರಾಗ ಹಾಕಿದವರು ಕವಿಯ ಭಾವಕ್ಕೆ ಒಪ್ಪುವ ಧಾಟಿಯನ್ನು ಹುಡುಕಿದರು. ದಿ ಸ್ಮಿತ್ಸ್‌ನಲ್ಲಿ ಕ್ರಮ ತಿರುಗಾಮುರುಗಾ. ಮಾರ್ ಸಂಗೀತ ಮಾಡಿ ಕೊಟ್ಟ ಮೇಲೆ ಮೊರಿಸ್ಸಿ ಅದರ ಮೇಲೆ ಮಾತು ಹಾಸುತ್ತಿದ್ದರು, ಕೆಲವೊಮ್ಮೆ ಪಲ್ಲವಿ ಎಲ್ಲಿ ಬರಬೇಕೋ ಅಲ್ಲಿ ಬಾರದ ಹಾಗೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪದ ಈ ಜುಗಲ್‌ಬಂದಿಯಲ್ಲೇ, ಓದಿಗೂ ಬದುಕಿಗೂ ಇರುವ ಅಂತರ ಕಿವಿಗೆ ಬೀಳುತ್ತದೆ. ಹಾಡನ್ನು ಕಾಗದಕ್ಕೆ ಇಳಿಸಿದರೆ ಅರ್ಧ ಸತ್ತಂತೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಶೀರ್ಷಿಕೆಯಲ್ಲಿ ತಿದ್ದಿಕೊಂಡದ್ದು ಇದಕ್ಕಾಗಿ.

ಹಾಗಾದರೆ ತಂತಿವಾದ್ಯವೇ ಸತ್ಯ, ಯಂತ್ರವೆಲ್ಲ ಸುಳ್ಳು ಎಂದು ನಾನು ಹೇಳುತ್ತಿದ್ದೇನೆಯೇ? ಇಲ್ಲ. ‘ದಿ ಕ್ವೀನ್ ಈಸ್ ಡೆಡ್’ನ ಅತ್ಯಂತ ಪ್ರಿಯವಾದ ಹಾಡಿನಲ್ಲಿ ಕೇಳುವ ಪಿಟೀಲುಗಳು ಒಂದು ಎಲೆಕ್ಟ್ರಾನಿಕ್ ಕೀಬೋರ್ಡಿನವು, ತಂಡ ಅದಕ್ಕೊಂದು ಇಲ್ಲದ ವಾದ್ಯಮೇಳದ ಹೆಸರನ್ನು ತಮಾಷೆಗೆ ಹಾಕಿತು. ಪ್ರಿಫ್ಯಾಬ್ ಸ್ಪ್ರೌಟ್‌ನ 1985ರ ಆಲ್ಬಂ ‘ಸ್ಟೀವ್ ಮೆಕ್ವೀನ್’ ಅನ್ನು ರೂಪಿಸಿದವರು ಸಿಂಥಸೈಜರಿನಲ್ಲೇ ಹೆಸರು ಮಾಡಿದ ಥಾಮಸ್ ಡಾಲ್ಬಿ. ಮ್ಯಾಕಲೂನ್ ವರ್ಷಗಳಿಂದ ಬರೆದಿಟ್ಟಿದ್ದ ಹಾಡುಗಳ ರಾಶಿಯಿಂದ ಡಾಲ್ಬಿ ಕೆಲವನ್ನು ಆರಿಸಿ, ಗಿಟಾರಿನ ಸುತ್ತ ಮಂಜಿನಂಥ ನಾದವನ್ನು ಹರಡಿದರು. ಅಲ್ಲಿಯೂ ಮಾತಿಗೆ ಜಾಗ ಬಿಟ್ಟಿದೆ, ಕಾರ್ಡುಗಳು ಮಾತಿಗೆ ನೇರ ಉತ್ತರ ಕೊಡದೆ ತೂಗುಯ್ಯಾಲೆ ಆಡುತ್ತವೆ. ವಾದ್ಯದ ಜಾತಿಗಿಂತ ಈ ಬಿಡುವು ಮುಖ್ಯ. ಮ್ಯಾಕಲೂನ್ ಈ ಬಳಗದಲ್ಲೇ ಅತಿ ಸೂಕ್ಷ್ಮ ಮನಸ್ಸಿನವರು. ಕಾರು ಮತ್ತು ಹುಡುಗಿಯರ ಕನಸಿನ ಮೇಲೆ ನಿಂತ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ರಮ್ಯ ಲೋಕವನ್ನು ಅವರು 1988ರ ‘ಕಾರ್ಸ್ ಅಂಡ್ ಗರ್ಲ್ಸ್’ ಹಾಡಿನಲ್ಲಿ ಪ್ರಶ್ನಿಸಿದರು. ಹಾಡೇ ಒಂದು ವಿಮರ್ಶಾ ಲೇಖನ. ಅದೇ ವರ್ಷ, ಹಳೆಯ ಒಂದೇ ಒಂದು ಪೆದ್ದು ಹಾಡಿಗಾಗಿ ಜನ ನೆನಪಿಟ್ಟುಕೊಂಡ, ಅದನ್ನೇ ಮತ್ತೆ ಮತ್ತೆ ಹಾಡಬೇಕಾದ ಗಾಯಕನ ಬಗ್ಗೆ ‘ದಿ ಕಿಂಗ್ ಆಫ್ ರಾಕ್ ಅಂಡ್ ರೋಲ್’ ಬರೆದರು. ಅದು ಏಳನೆಯ ಸ್ಥಾನಕ್ಕೆ ಹೋಗಿ ತಂಡದ ಅತಿ ದೊಡ್ಡ ಯಶಸ್ಸಾಯಿತು, ಬಹಳ ಮಂದಿ ಅವರನ್ನು ನೆನೆಯುವುದು ಆ ಒಂದು ಹಾಡಿನಿಂದಲೇ. ವ್ಯಂಗ್ಯವನ್ನು ತಿಳಿದು ಬರೆದವನಿಗೇ ವ್ಯಂಗ್ಯ ತಗುಲಿತು. ತಿಳಿವಳಿಕೆ ಕಾಪಾಡುವುದಿಲ್ಲ ಎಂಬ ನನ್ನ ವಾದಕ್ಕೆ ಇದಕ್ಕಿಂತ ಕಟುವಾದ ದೃಷ್ಟಾಂತ ಸಿಗದು.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ಇದೆಲ್ಲ ವಯಸ್ಸಾದವರ ಹಳಹಳಿಕೆ ಎಂಬುದು. ಆಗ ಇಪ್ಪತ್ತರಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ; ತಮ್ಮ ಹರೆಯವನ್ನು ಹಾಡಿನ ನೆಪದಲ್ಲಿ ಹೊಗಳಿಕೊಳ್ಳುತ್ತಾರೆ. ಇದರಲ್ಲಿ ಹುರುಳಿದೆ, ಆದರೆ ಪೂರ್ತಿ ಉತ್ತರವಾಗದು. ಹಳಹಳಿಕೆ ಕೇಳುಗರನ್ನು ಉಳಿಸಬಹುದು, ಹೊಸ ಬರಹಗಾರರನ್ನು ಹುಟ್ಟಿಸಲಾರದು. 1996ರಲ್ಲಿ ಗ್ಲಾಸ್ಗೋದಿಂದಲೇ ಬೆಲ್ ಅಂಡ್ ಸೆಬಾಸ್ಟಿಯನ್ ಎಂಬ ತಂಡ ಬಂತು. ಹೆಸರು ಸೆಸಿಲ್ ಓಬ್ರಿ ಎಂಬ ಫ್ರೆಂಚ್ ಲೇಖಕಿಯ ಮಕ್ಕಳ ಕಥೆಯದು. ಅವರ ಮೊದಲ ಆಲ್ಬಂ ‘ಟೈಗರ್‌ಮಿಲ್ಕ್’ ಸ್ಟೋ ಕಾಲೇಜಿನ ಸಂಗೀತ ವ್ಯವಹಾರದ ತರಗತಿಯ ಯೋಜನೆಯಾಗಿ ಸಾವಿರ ಪ್ರತಿ ಅಚ್ಚಾಯಿತು. 2006ರಲ್ಲಿ ಅದೇ ಊರಿನ ಕ್ಯಾಮೆರಾ ಅಬ್‌ಸ್ಕ್ಯೂರಾ ತಂಡದ ಟ್ರೇಸಿಯಾನ್ ಕ್ಯಾಂಪ್‌ಬೆಲ್, ಲಾಯ್ಡ್ ಕೋಲ್ 1984ರಲ್ಲಿ ಹಾಡಿನ ರೂಪದಲ್ಲಿ ಕೇಳಿದ್ದ ಪ್ರಶ್ನೆಗೆ ಅವರ ಹೆಸರು ಹಿಡಿದೇ ಹಾಡಿನಲ್ಲಿ ಉತ್ತರ ಕೊಟ್ಟರು. ಇಪ್ಪತ್ತೆರಡು ವರ್ಷ ಕಾದು ಬಂದ ಉತ್ತರವದು. ಸತ್ತ ಸಂಪ್ರದಾಯದಲ್ಲಿ ಹೀಗೆ ಸವಾಲು ಜವಾಬು ನಡೆಯುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪುಸ್ತಕದ ಹೆಸರು ಉದುರಿಸುವುದು ಅಗ್ಗದ ಡೌಲು. ಇವರೆಲ್ಲ ಬೆನ್ನುಡಿ ಓದಿ ಬೊಗಳೆ ಬಿಟ್ಟವರು ಎಂದು ಆ ಕಾಲದಲ್ಲೇ ಹಲವರು ಗೇಲಿ ಮಾಡಿದರು. ಆರೋಪವನ್ನು ನಾನು ಅರ್ಧ ಒಪ್ಪುತ್ತೇನೆ. ಆ ದಶಕದಲ್ಲಿ ಹೆಸರಿಗಷ್ಟೇ ಕಾದಂಬರಿ ಎತ್ತಿಕೊಂಡ ತಂಡಗಳೂ ಹಾಡುಗಳೂ ಇದ್ದವು. 1986ರಲ್ಲಿ ಎನ್‌ಎಂಇ ‘ಸಿ86’ ಎಂಬ ಕ್ಯಾಸೆಟ್ಟಿನಲ್ಲಿ 22 ತಂಡಗಳನ್ನು ಒಟ್ಟುಗೂಡಿಸಿದ ಮೇಲೆ ಗಿಲಿಗಿಲಿ ಗಿಟಾರು ಮತ್ತು ಸಂಕೋಚದ ಮುಖ ಎರಡೂ ಒಂದು ಸಮವಸ್ತ್ರವಾದವು; ಅನುಕರಣೆ ಸುಲಭವಾಯಿತು. ಆದರೆ ಕಾಲ ಇಲ್ಲಿ ತಕ್ಕ ವಿಮರ್ಶಕನ ಕೆಲಸ ಮಾಡಿದೆ. ಉಳಿದ ಹಾಡುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಅವುಗಳಲ್ಲಿ ಪುಸ್ತಕದ ಹೆಸರು ಹಾಡುವವನನ್ನು ದೊಡ್ಡವನನ್ನಾಗಿ ಮಾಡುವುದಿಲ್ಲ, ಇನ್ನಷ್ಟು ಬಯಲಿಗೆ ತರುತ್ತದೆ. ಸ್ಮಶಾನದಲ್ಲಿ ಉಪದೇಶ ಮಾಡಿದವನೇ ಕಳ್ಳನಾಗುತ್ತಾನೆ. ತಾರೆಯ ಹೆಸರು ಹೇಳಿದವನಿಗೇ ಎದುರಿನ ಹೆಣ್ಣು ಕಾಣುವುದಿಲ್ಲ. ಡೌಲನ್ನೇ ವಸ್ತುವನ್ನಾಗಿ ಮಾಡಿಕೊಂಡ ಹಾಡಿನ ಮೇಲೆ ಡೌಲಿನ ಆರೋಪ ಹೂಡಿ ಪ್ರಯೋಜನವಿಲ್ಲ. ಅಲ್ಲದೆ ಡೌಲು ಮಾಡುವ ಹಕ್ಕು ಯಾರದು ಎಂಬ ಪ್ರಶ್ನೆಯೂ ಇದೆ. ಆಕ್ಸ್‌ಫರ್ಡಿನಲ್ಲಿ ಓದಿದವರು ಕೀಟ್ಸ್‌ನನ್ನು ಉದ್ಧರಿಸಿದರೆ ಸಂಸ್ಕಾರ, ಮೊರಿಸ್ಸಿ ಬೆಳೆದ ಸ್ಟ್ರೆಟ್‌ಫರ್ಡಿನ ನಿರುದ್ಯೋಗಿ ಉದ್ಧರಿಸಿದರೆ ಸೋಗು ಎನ್ನುವುದಾದರೆ ತಕ್ಕಡಿಯಲ್ಲೇ ದೋಷವಿದೆ.

ಮೂರನೆಯ ಆಕ್ಷೇಪವನ್ನು ತಪ್ಪಿಸಿಕೊಳ್ಳುವಂತಿಲ್ಲ. ಈ ಬಳಗ ಬಹುಮಟ್ಟಿಗೆ ಬಿಳಿಯರದು, ಗಂಡಸರದು. ಇದನ್ನು ಮಾತ್ರ ಓದಿಕೊಂಡವರ ಸಂಗೀತ ಎನ್ನುವುದು ಅನ್ಯಾಯ. ಜಮೈಕಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ಕವಿ ಲಿಂಟನ್ ಕ್ವೇಸಿ ಜಾನ್ಸನ್ 1980ರಲ್ಲಿ ‘ಬಾಸ್ ಕಲ್ಚರ್’ ಆಲ್ಬಂ ತಂದರು. ಅಲ್ಲಿ ರೆಗೆಯ ತಾಳಕ್ಕೆ ನಿಂತ ಕಾವ್ಯ ಯಾವ ಗಿಟಾರ್ ಪಾಪ್‌ಗೂ ಕಡಿಮೆಯದಲ್ಲ. ಈ ಮಾತನ್ನು ಒಪ್ಪಿಯೇ ಮುಂದೆ ಹೋಗಬೇಕು. ಗಿಟಾರ್ ಪಾಪ್‌ನ ಸಾಲದ ಪತ್ರದಲ್ಲಿ ಕಪ್ಪು ಸಂಗೀತದ ಪಾಲೂ ದೊಡ್ಡದು. ಪೋಸ್ಟ್‌ಕಾರ್ಡ್ ಕಂಪನಿಯ ಘೋಷವಾಕ್ಯವೇ ಡೆಟ್ರಾಯಿಟಿನ ಮೋಟೌನ್ ಕಂಪನಿಯ ಘೋಷವಾಕ್ಯದಲ್ಲಿ ಅಮೆರಿಕದ ಬದಲು ಸ್ಕಾಟ್‌ಲೆಂಡ್ ಎಂದು ಹಾಕಿಕೊಂಡದ್ದು. ಜಾನಿ ಮಾರ್ ಶೀಕ್ ತಂಡದ ನೈಲ್ ರಾಜರ್ಸ್ ಅವರ ಮೇಲಿನ ಅಭಿಮಾನಕ್ಕೆ ಮಗನಿಗೆ ನೈಲ್ ಎಂದು ಹೆಸರಿಟ್ಟರು. ಈ ಹಾಡುಗಳ ಮಾತಿನ ಹಿಂದೆ ಡೆಲನಿ, ಡಿಡಿಯನ್, ಸ್ಮಾರ್ಟ್ ಎಂಬ ಲೇಖಕಿಯರಿದ್ದಾರೆ ಎಂಬುದನ್ನೂ ಮರೆಯಬಾರದು. ಕೇಳುಗರು ಆ ಸಾಲದ ಮೂಲಕ್ಕೆ ಹೋಗದೆ ಗಾಯಕನ ಮುಖದಲ್ಲೇ ನಿಂತರೆ ಅದು ಕೇಳುಗರ ತಪ್ಪು. ಮೊರಿಸ್ಸಿ ವಲಸಿಗರ ಬಗ್ಗೆ ಮುಂದೆ ಆಡಿದ ಮಾತುಗಳು ಅನೇಕ ಅಭಿಮಾನಿಗಳಿಗೆ ಆ ಹಾಡುಗಳನ್ನೇ ಕಹಿ ಮಾಡಿವೆ. ವಲಸೆ ಬಂದ ಕುಟುಂಬದವರೇ ಹೀಗೆ ಮಾತಾಡಿದ್ದು ದುಃಖದ ಸಂಗತಿ. ಅದಕ್ಕೆ ಸಮಜಾಯಿಷಿ ಕೊಡುವ ಉದ್ದೇಶ ನನಗಿಲ್ಲ. ಓದು ಮನುಷ್ಯನನ್ನು ತಾನಾಗಿಯೇ ಉದಾರಿಯನ್ನಾಗಿ ಮಾಡುವುದಿಲ್ಲ ಎಂಬುದನ್ನು ಅವರ ಹಾಡುಗಳು ಮೊದಲೇ ಹೇಳಿದ್ದವು. ಹಾಡಿದವರ ಮುಂದಿನ ಬದುಕು ಅದಕ್ಕೆ ರುಜು ಹಾಕಿತು.

ಕೊನೆಯದಾಗಿ ಒಂದು ಘಟನೆ. ಈಟನ್ ಶಾಲೆಯಲ್ಲಿ ಓದಿದ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರಾನ್ 2006ರಲ್ಲಿ ಬಿಬಿಸಿಯ ರೇಡಿಯೋ ಕಾರ್ಯಕ್ರಮವೊಂದರಲ್ಲಿ ತಮ್ಮ ಮೆಚ್ಚಿನ ಹಾಡುಗಳ ಪೈಕಿ ದಿ ಸ್ಮಿತ್ಸ್‌ನ ‘ದಿಸ್ ಚಾರ್ಮಿಂಗ್ ಮ್ಯಾನ್’ ಹೆಸರಿಸಿದ್ದರು. ಅವರು ಪ್ರಧಾನಿಯಾದ ಮೇಲೆ, 2010ರ ಡಿಸೆಂಬರಿನಲ್ಲಿ, ನಮ್ಮ ತಂಡವನ್ನು ಮೆಚ್ಚುವುದನ್ನು ನೀವು ನಿಲ್ಲಿಸಬೇಕು ಎಂದು ಜಾನಿ ಮಾರ್ ಟ್ವಿಟರಿನಲ್ಲಿ ಅಪ್ಪಣೆ ಮಾಡಿದರು. ಡಿಸೆಂಬರ್ 8ರಂದು ಸಂಸದೆ ಕೆರಿ ಮೆಕಾರ್ಥಿ ಸದನದಲ್ಲೇ ಅದನ್ನೆತ್ತಿ ಪ್ರಧಾನಿಯ ಕಾಲೆಳೆದರು, ಕ್ಯಾಮರಾನ್ ಹಾಡುಗಳ ಹೆಸರನ್ನೇ ಹೆಣೆದು ಉತ್ತರ ಕೊಟ್ಟರು, ಸದನ ನಕ್ಕಿತು. ಯಾರು ಯಾವ ಹಾಡು ಮೆಚ್ಚಬೇಕೆಂದು ಹಾಡಿದವರೂ ಹೇಳಲಾರರು. ಆ ಅಪ್ಪಣೆಯಲ್ಲಿದ್ದದ್ದು ತಮಾಷೆ ಮತ್ತು ಸಿಟ್ಟು. ಸಿಟ್ಟಿಗೆ ಆಧಾರವಿತ್ತು. ಮರುದಿನ, ಡಿಸೆಂಬರ್ 9ರಂದು, ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳ ವಾರ್ಷಿಕ ಶುಲ್ಕದ ಮಿತಿಯನ್ನು 9,000 ಪೌಂಡಿಗೆ ಏರಿಸಲು ಅದೇ ಸದನ ಮತ ಹಾಕಿತು. ಹೊರಗೆ ಬೀದಿಯಲ್ಲಿ ವಿದ್ಯಾರ್ಥಿಗಳಿದ್ದರು. ಲಾಯ್ಡ್ ಕೋಲ್ ಗ್ಲಾಸ್ಗೋದಲ್ಲೂ ಟ್ರೇಸಿ ಥಾರ್ನ್ ಹಲ್‌ನಲ್ಲೂ ಓದಿದ ಕಾಲದಲ್ಲಿ ವಿದ್ಯಾರ್ಥಿ ಕೈಯಿಂದ ಶುಲ್ಕ ಕೊಡುವ ಮಾತೇ ಇರಲಿಲ್ಲ.

ಓದು ಸಾಲದು ಎಂದು ಹಾಡಬೇಕಾದರೆ ಮೊದಲು ಓದು ಸಿಕ್ಕಿರಬೇಕು. ಅದು ಸಿಕ್ಕಿದ್ದು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ತಾಯಿಯಿಂದ, ಆರು ಪೆನ್ನಿಯ ಪುಸ್ತಕದಿಂದ, ಊರವರ ತೆರಿಗೆಯ ಹಣದಿಂದ. ಆ ಹಣ ಕೊಟ್ಟವರು ಇಂಥ ಹಾಡು ಬರಲಿ ಎಂದು ಕೊಟ್ಟವರಲ್ಲ. ಏನು ಬರುತ್ತದೆಂದು ತಿಳಿಯದೆ ಕೊಟ್ಟರು. ದತ್ತಿಯ ಸ್ವಭಾವವೂ ಇದೇ. ಮುಂದೆ ಯಾರು ಬಂದು ಏನು ಮಾತಾಡುತ್ತಾರೆಂದು ತಿಳಿಯದೆ ಯಾರೋ ಹಣವಿಟ್ಟು ಹೋಗುತ್ತಾರೆ. ಅವರ ದಯೆಯಿಂದ ಇಂದು ಒಂದು ಗಂಟೆ, ನಮ್ಮದಲ್ಲದ ಊರಿನ ನಮ್ಮದಲ್ಲದ ಹಾಡುಗಳ ಬಗ್ಗೆ ಬಿಟ್ಟಿಯಾಗಿ ಮಾತಾಡಿದೆ, ನೀವು ಬಿಟ್ಟಿಯಾಗಿ ಕೇಳಿದಿರಿ. ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ನಿಮ್ಮ ಹೆಸರಿನ ಕಾರ್ಡು ಇಲ್ಲದಿದ್ದರೆ ಈ ವಾರ ಹೋಗಿ ಮಾಡಿಸಿಕೊಳ್ಳಿ, ಮನೆಯ ಹದಿಹರೆಯದವರನ್ನೂ ಜೊತೆಗೆ ಕರೆದೊಯ್ಯಿರಿ.